ಪಂಕ್ಚರ್ ತೊಟ್ಟ್ಯಾಗಿನ ಆಮಿ

ಉಣಕಲ್ ಕೆರಿ ಕೋಡಿ ಹರಿದ ಮರುದಿನ
ಟೆಂಪೋ ಗಾಲಿ ಮುಂದ ಸಿಕ್ತು.
ಗೋಣಿಚೀಲದಾಗ ತಂದೆ.
ಟ್ಯೂಬ್ ಅದ್ದೋ ತೊಟ್ಟಿನ ಅದರ ಮನಿ ಆತು.

ಮೊದಲ ದಿನಾನ ನನ್ನ ಹೆಬ್ಬಟ್ಟು ಹಿಡೀತು.
ಉಡದ ಪಟ್ಟು ಅಂತಾರ, ಇದರದ್ದು ನೋಡಿಲ್ಲ ಅವರು.
ಹಜರೇಸಾಬ ನಕ್ಕ:
"ಬಾಡಿಗಿ ಕೇಳಾಕತ್ತೈತಿ, ಕೊಡು."

ಕೋಳಿ ಚೂರು ಹಾಕಿದೆ, ತಿಂತು.
ರಾಜಾ ಅಂತ ಹೆಸರಿಟ್ಟೆ,
ಕರದ್ರ ತಲಿ ಒಳಗ ಎಳಕೊಂಡ್ತು.

ಈಗ ಟ್ಯೂಬ್ ಅದ್ದಿದ್ರ
ಎಲ್ಲೆಲ್ಲೋ ಗುಳ್ಳಿ ಏಳ್ತಾವು.
ತೂತಿನವು ಯಾವು, ಇದರ ಉಸರಿನವು ಯಾವು,
ತಿಳಿಯೂದಿಲ್ಲ.
ಗಿರಾಕಿ ಗಡಿಯಾರ ನೋಡ್ತಾನ.

ನಿನ್ನೆ ಶಟರ್ ಎಳದು ಒಳಗ ಮಲಗಿದ್ದೆ.
ಕತ್ತಲದಾಗ ಸಿಮಿಂಟು ಕೆರಿಯೂ ಸಪ್ಪಳ:
ಕೆರಿ... ಕೆರಿ... ಅಂದಂಗಾತು.
ಎದ್ದು ಲೈಟ್ ಹಾಕಿ
ಗೋಣಿಚೀಲ ಎಲ್ಲಿಟ್ಟೆನಂತ
ಹುಡುಕಾಕ ಹತ್ತಿದೆ.