ಮೊದಲ ಗುರುವಾರ

ಬಾಗಿಲಿಗೆ ಚೀಟಿ ಅಂಟಿಸಿದವಳು ನಾನೇ:
ಮುಂದಿನ ಸೂಚನೆಯವರೆಗೆ ಈ ದ್ವೀಪದಲ್ಲಿ ರಕ್ತ ತೆಗೆಯುವುದಿಲ್ಲ.
ಓದಿಯೂ ಒಳಗೆ ಬಂದ ಅನತೋಲ್,
ಗಾರೆ ಮೆತ್ತಿದ ಚಪ್ಪಲಿ ಹೊರಗೆ ಬಿಟ್ಟು,
ಅಂಗಿಯ ತೋಳು ಆಗಲೇ ಮೇಲಕ್ಕೆ ಸುತ್ತಿಕೊಂಡು.

ಹದಿನೇಳು ವರ್ಷ. ಎರಡು ತಿಂಗಳಿಗೊಮ್ಮೆ, ಮೊದಲ ಗುರುವಾರ.
ಅವನ ಎಡಗೈಯ ಆ ನರ ಕಣ್ಣು ಮುಚ್ಚಿದರೂ ನನಗೆ ಗೊತ್ತು,
ಸೇನ್ ಪಿಯೆರ್‌ನಿಂದ ಅಮ್ಮನ ಮನೆಗೆ ಹತ್ತುವ ದಾರಿಯ ಹಾಗೆ.

"ನನಗೆ ಜ್ವರವಿಲ್ಲ, ಸೊಲಾಂಜ್."
ಗೊತ್ತು.
"ಕೀಲುನೋವಿಲ್ಲ. ನಿನ್ನೆ ಒಬ್ಬನೇ ಇಪ್ಪತ್ತು ಮೂಟೆ ಸಿಮೆಂಟು ಇಳಿಸಿದೆ."
ಗೊತ್ತು, ಅನತೋಲ್.
ಆದರೆ ಮೈ ಬಿಸಿಯಾಗುವ ಮೊದಲೇ
ಅದು ನೆತ್ತರಲ್ಲಿ ಈಜುತ್ತಿರುತ್ತದೆ. ಕೆಲವರಿಗೆ
ಜ್ವರ ಬರುವುದೇ ಇಲ್ಲ.
ನೀನಿಲ್ಲಿ ಮಲಗಿ ಧಾರಾಳವಾಗಿ ಕೊಟ್ಟದ್ದು
ಮೂರನೇ ಮಹಡಿಯಲ್ಲಿ, ಈಗಷ್ಟೇ ಹೆತ್ತವಳ
ಮೈಯೊಳಗೆ ಬೆಂಕಿಯಾದರೆ?

ಅವನು ಗೋಡೆ ನೋಡಿದ.
ಅವನ ಬೀದಿಯಲ್ಲಿ ಅರ್ಧ ಜನ ಬಾಗಿ ನಡೆಯುತ್ತಿದ್ದಾರೆ.
ಸ್ಮಶಾನದ ಹೂದಾನಿಗಳಿಗೆ ನೀರಿನ ಬದಲು
ಮರಳು ತುಂಬಿದ್ದಾರೆ, ಮರಿ ಹುಟ್ಟದಿರಲೆಂದು;
ಮರಳು ಹೊತ್ತವನು ಇವನೇ.

"ಮತ್ತೆ ಎಲ್ಲಿಂದ ತರುತ್ತೀರಿ?"
ವಿಮಾನದಲ್ಲಿ, ಹನ್ನೊಂದು ಗಂಟೆ ದೂರದಿಂದ.
ಹಿಮ ಬೀಳುವ ಊರುಗಳಲ್ಲಿ ಯಾರೋ
ಉಣ್ಣೆಯ ಕೋಟು ಕಳಚಿಟ್ಟು ತೋಳು ಚಾಚಿದ್ದಾರೆ,
ಯಾರಿಗೆಂದು ಕೇಳದೆ.
ಪೆಟ್ಟಿಗೆ ತೆರೆದರೆ ಆ ಚಳಿ ಮುಖಕ್ಕೆ ಬಡಿಯುತ್ತದೆ:
ನಾನು ಕಾಣದ ದೇಶ, ಒಂದು ಉಸಿರಿನಷ್ಟು.

"ಅಂದರೆ ನನ್ನ ರಕ್ತ ಇನ್ನು ಸೊಳ್ಳೆಗೆ ಮಾತ್ರ."
ಅವನು ನಗಲಿಲ್ಲ. ನಾನೂ ನಗಲಿಲ್ಲ.
ಕಿಟಕಿಯ ಜಾಲರಿಯಲ್ಲಿ ಒಂದು ತೂತಿತ್ತು,
ಅದಕ್ಕೆ ಬ್ಯಾಂಡೇಜಿನ ಪಟ್ಟಿ ಅಂಟಿಸಿದ್ದೆವು.

ಎದ್ದು ಹೋಗುತ್ತಾನೆಂದುಕೊಂಡೆ.
"ಬಿಸ್ಕತ್ತಾದರೂ ಕೊಡು," ಎಂದ.

ಕಪಾಟಿನಲ್ಲಿ ನಾಲ್ಕು ಪೊಟ್ಟಣ ಉಳಿದಿದ್ದವು.
ಹರಿಯಲು ಹೋದೆ. ಜನವರಿಯ ಜ್ವರ
ನನ್ನ ಬೆರಳುಗಳನ್ನು ಇನ್ನೂ ಬಿಟ್ಟುಕೊಟ್ಟಿಲ್ಲ;
ಎರಡು ಸಲ ಜಾರಿತು.
"ಕೊಡು ಇಲ್ಲಿ," ಎಂದು ತೆಗೆದುಕೊಂಡ.
ಇಪ್ಪತ್ತು ಮೂಟೆ ಇಳಿಸಿದ ಕೈಯಲ್ಲೂ
ಅದು ತೆರೆಯಲಿಲ್ಲ. ಬೇರೆಲ್ಲೋ ನೋಡುತ್ತ
ಮಣಿಕಟ್ಟನ್ನು ಮೆಲ್ಲಗೆ ಒತ್ತಿಕೊಂಡ.

ನಾನು ನೋಡಿದೆ.
ನಾನು ನೋಡಿದ್ದನ್ನು ಅವನೂ ನೋಡಿದ.
ಹಲ್ಲಲ್ಲಿ ಕಚ್ಚಿ ಹರಿದು
ಮೊದಲನೆಯದನ್ನು ನನಗೆ ಕೊಟ್ಟ.