ಎಪ್ಪತ್ತು ಟ್ಯಾಂಕರು

ನನ್ನನ್ನು ಕರೆದದ್ದು ಲೆಕ್ಕ ಹೇಳುವುದಕ್ಕೆ.
ಇಪ್ಪತ್ತೈದು ಮೀಟರು ಉದ್ದ, ಹತ್ತು ಅಗಲ,
ಎದೆಮಟ್ಟ ಆಳ:
ಮೂರೂವರೆ ಲಕ್ಷ ಲೀಟರು, ಅಂದೆ.
ಯಾರಿಗೂ ತಟ್ಟಲಿಲ್ಲ.
ಎಪ್ಪತ್ತು ಟ್ಯಾಂಕರು, ಅಂದೆ.
ಪಾರ್ಕಿನ ಹೊಂಗೆಮರದ ಕೆಳಗೆ
ಹಾಸಿದ ಜಮಖಾನದ ಮೇಲೆ
ಒಂದು ನಿಟ್ಟುಸಿರು ಆ ತುದಿಯವರೆಗೂ ಹೋಗಿ ಬಂತು.

ಇಪ್ಪತ್ತಾರು ವರ್ಷದಿಂದ ಶಿಡ್ಲಘಟ್ಟದ ಬೀದಿಗಳಿಗೆ
ವಾಲು ತಿರುಗಿಸುವವನು ನಾನು.
ಯಾರ ಮನೆಯ ಸಂಪು ಎಷ್ಟು ಆಳ,
ಯಾರು ಕತ್ತಲಲ್ಲಿ ಮೋಟರು ಹಚ್ಚಿ
ಪಕ್ಕದವರ ಪಾಲು ಎಳೆದುಕೊಳ್ಳುತ್ತಾರೆ,
ಯಾರ ಮದುವೆಗೆ ಒಂದು ಗಂಟೆ ಹೆಚ್ಚು ಬಿಟ್ಟೆ,
ಬರೆದಿಟ್ಟಿಲ್ಲ.
ಮೊಣಕೈ ನೆನಪಿಟ್ಟಿದೆ.

ಗಂಗುಲಪ್ಪ ಎದ್ದ. ಮನೆ ಹಿಂದೆ
ಸಾವಿರದಾರುನೂರು ಅಡಿ ಕೊರೆಸಿ
ಬರೀ ಬಿಳಿ ದೂಳು ಕಂಡವನು.
ಸಿಟ್ಟು ಬಂದರೆ ಅವನಿಗೆ ತೆಲುಗೇ ಬರುವುದು:
"ತಾಗೇದಾನಿಕಿ ಲೇವು, ಈದೇದಾನಿಕಾ?"
ಕುಡಿಯಲು ಸಾಲದ ಊರು
ಈಜುವ ಮಾತಿಗೆ ನಕ್ಕು ಚಪ್ಪಾಳೆ ತಟ್ಟಿತು.

ವರದರಾಜ ಶೆಟ್ಟರ ಚಿಂತೆಯೇ ಬೇರೆ:
ಚಡ್ಡಿಯಲ್ಲಿ ಹುಡುಗರು, ಎದುರಿಗೇ ಕಲ್ಯಾಣ ಮಂಟಪ.
ಡ್ರಿಲ್ ಮೇಷ್ಟ್ರು ಜಿಲ್ಲಾ ಮಟ್ಟ, ರಾಜ್ಯ ಮಟ್ಟ ಅಂದರು;
ಅವರಿಗೇ ಈಜು ಬರಲ್ಲ ಅಂತ
ಹಿಂದೆ ಒಬ್ಬ ಹುಡುಗ ಪಿಸುಗುಟ್ಟಿದ.
ಕೌನ್ಸಿಲರು ನಕ್ಷೆ ಬಿಚ್ಚಿದರು.
ನಕ್ಷೆಯಲ್ಲಿ ನೀರು ನೀಲಿ.
ನಾನು ಬಿಟ್ಟ ನೀರು ಯಾವತ್ತೂ ನೀಲಿಯಲ್ಲ.
ಮೊದಲ ಐದು ನಿಮಿಷ ತುಕ್ಕು,
ಆಮೇಲೆ ಬಣ್ಣವೇ ಇಲ್ಲ.

ಆಗ ಕೊನೆಯ ಸಾಲಿನಿಂದ ಖಮರುನ್ನೀಸಾ.
ಫಿಲೇಚರಿನಿಂದ ನೇರ ಬಂದಿದ್ದಳು,
ದುಪಟ್ಟಕ್ಕೆ ಬೆಂದ ಹುಳುವಿನ ವಾಸನೆ.
ಎರಡೂ ಅಂಗೈ ಎತ್ತಿ ಹಿಡಿದಳು,
ಓದಿಕೊಳ್ಳಿ ಅನ್ನುವ ಹಾಗೆ.
ಬೆರಳ ತುದಿ ಬೆಂದ ಆಲೂಗಡ್ಡೆಯ ಸಿಪ್ಪೆ,
ಬಿಳಚಿ ಮುದುಡಿತ್ತು.

"ಬೆಳಿಗ್ಗೆ ಆರಕ್ಕೆ ಕುದಿಯೋ ನೀರಿಗೆ ಕೈ ಇಟ್ಟು
ಗೂಡಿನ ಎಳೆ ಹುಡುಕ್ತೀನಿ.
ಹತ್ತೊಂಬತ್ತು ವರ್ಷ ಆಯ್ತು.
ಕೈ ದಿನಾ ನೀರಲ್ಲೇ ಇರ್ತದೆ.
ಮಿಕ್ಕ ನಾನು ಒಂದ್ಸಲಾನೂ ಇಳಿದಿಲ್ಲ.
ತಣ್ಣೀರು ಕುತ್ತಿಗೆವರೆಗೂ ಬಂದ್ರೆ ಹೆಂಗಿರ್ತದೆ,
ಯಾರಾದ್ರೂ ಹೇಳಿ."

ಯಾರೂ ಹೇಳಲಿಲ್ಲ.
ನನಗೆ ಗೊತ್ತಿತ್ತು.
ಒಣ ಸೋರೆಬುರುಡೆ ಸೊಂಟಕ್ಕೆ ಕಟ್ಟಿ
ಅಪ್ಪ ನನ್ನನ್ನು ತಳ್ಳಿದ ಬಾವಿ
ಇದೇ ಪಾರ್ಕಿನ ಜಾರುಬಂಡೆಯ ಕೆಳಗಿದೆ.
ನೀರು ಹೋದಮೇಲೆ ಅದಕ್ಕೆ ಊರ ಕಸ,
ಕಸದ ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು.
ಕಸದ ಟ್ರ್ಯಾಕ್ಟರಿನ ಹಿಂದೆ ದಿನಗೂಲಿಗೆ ನಿಂತವನೂ ನಾನೇ.

ಮೊದಲು ಉಸಿರು ಹಿಡಿಯುತ್ತದೆ ತಾಯಿ,
ಆಮೇಲೆ ನಿನ್ನ ತೂಕವನ್ನು ಯಾರೋ
ಕೈಯಾರೆ ಇಸಕೊಂಡ ಹಾಗೆ.

ಹೇಳಬಹುದಿತ್ತು.
ನನ್ನನ್ನು ಕರೆದದ್ದು ಲೆಕ್ಕಕ್ಕೆ.

ಹೆಂಗಸರಿಗೆ ಬೇರೆ ಹೊತ್ತು ಇಡೋಣ, ಅಂದರು ಯಾರೋ.
ಯಾವ ಹೊತ್ತು?
ಅವಳು ಬೇಸಿನ್ನು ಬಿಟ್ಟು ಏಳುವಾಗ ಪಾರ್ಕಿಗೆ ಬೀಗ.
ಟಿಕೆಟ್ಟು ಮೂವತ್ತೋ ಐವತ್ತೋ?
ಮಾತು ರೂಪಾಯಿಗೆ ಇಳಿಯಿತು,
ರೂಪಾಯಿಯಿಂದ ಉಪಸಮಿತಿಗೆ,
ಅಷ್ಟರಲ್ಲಿ ಟೀ ಬಂತು.
ಅವಳು ಟೀಗೆ ನಿಲ್ಲಲಿಲ್ಲ.

ಆ ರಾತ್ರಿ ಮೂರಕ್ಕೆ ಅವಳ ಬೀದಿಯ ಸರದಿ,
ಎಂಟು ದಿನಕ್ಕೊಮ್ಮೆ ಬರುವುದು.
ಬಾಗಿಲ ಮುಂದೆ ಒಂದು ನೀಲಿ ಡ್ರಮ್ಮು,
ನಾಲ್ಕು ಬಿಂದಿಗೆ, ಒಂದು ಬಕೆಟ್ಟು.
ಸಮಯ ಮುಗಿದರೂ ವಾಲಿನ ಮೇಲೆ ಕೈ ಇಟ್ಟು ನಿಂತೆ.
ಕುತ್ತಿಗೆವರೆಗೆ ಬರುವಷ್ಟಲ್ಲ, ಗೊತ್ತು.
ಹತ್ತು ನಿಮಿಷ.

ಆ ಹತ್ತು ನಿಮಿಷ ಗಂಗುಲಪ್ಪನ ಬೀದಿಯದು.
ಬೆಳಿಗ್ಗೆ ಅವನು ಕೇಳಿದರೆ
ಪೈಪು ಒಡೆದಿತ್ತು ಅನ್ನಬೇಕು.