ಬುತ್ತಲ ದಾರಿಯ ಸುಂಕ

ಬುತ್ತಲ ಬಿಟ್ಟು ಕತರಗಾಮಕ್ಕೆ ಹೋಗುವ ದಾರಿ.
ಕಾಡು ಶುರುವಾಗುವಲ್ಲಿ, ಪಾಲುಮರದ ಬುಡಕ್ಕೆ ನನ್ನ ಹಲಗೆ:
ಕಲ್ಲಂಗಡಿ, ಬಾಳೆ, ಬೇಯಿಸಿದ ಜೋಳದ ತೆನೆ.
ಹೆಸರು ಹೀನ್‌ಮೆಣಿಕೆ. ಅಜ್ಜಿಯದು, ನನಗೆ ಅಂಟಿತು.
ಈಗಿನವರು ಕೇಳಿ ನಗುತ್ತಾರೆ, ಆಮೇಲೆ
ಅಕ್ಕಾ ಎನ್ನುತ್ತಾರೆ, ಚೌಕಾಸಿಗೆ.

ಮೊದಲೆಲ್ಲ ಆನೆ ದಾರಿ ದಾಟುತ್ತಿತ್ತು, ಅಷ್ಟೆ.
ಸಂಜೆ ಕೆರೆಗೆ, ಬೆಳಗ್ಗೆ ಕಾಡಿಗೆ,
ಸಾಲ ಕೊಟ್ಟವನ ಮನೆ ಮುಂದೆ ಹಾಯುವವರ ಹಾಗೆ
ಈ ಕಡೆ ಕಣ್ಣೆತ್ತಿಯೂ ನೋಡದೆ.
ಒಂದು ದಿನ ಬಸ್ಸಿನಿಂದ ಯಾರೋ ಬಾಳೆಹಣ್ಣು ಎಸೆದರು.
ಮುಖ ನೆನಪಿಲ್ಲ.
ಹಣ್ಣು ಎಲ್ಲಿಯದೆಂದು ನೆನಪಿದೆ:
ಚಿಪ್ಪಿಗೆ ನೂರಿಪ್ಪತ್ತು. ಚಿಲ್ಲರೆ ನಾನೇ ಎಣಿಸಿ ಕೊಟ್ಟಿದ್ದೆ.

ಈಗ ಅದು ನಡುದಾರಿಗೇ ಬಂದು ನಿಲ್ಲುತ್ತದೆ.
ದಂತವಿಲ್ಲದ ಗಂಡು, ಎಡಕಿವಿಯ ಅಂಚು
ಹಳೆಯ ಕೊಡೆಯಂತೆ ಹರಿದಿದೆ.
ಬಸ್ಸಿನ ಹುಡುಗರು ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟರು.
ಕೊಲಂಬೊದ ವ್ಯಾನು, ಜರ್ಮನಿಯ ಜೋಡಿ, ಹರಕೆ ಹೊತ್ತವರು,
ದೇವರಿಗೆಂದು ಜೋಡಿಸಿದ ಹಣ್ಣಿನ ತಟ್ಟೆ
ಅರ್ಧ ದಾರಿಯಲ್ಲೇ ಇವನಿಗೆ ಕಪ್ಪ.
ಸೊಂಡಿಲು ಕಿಟಕಿಯೊಳಗೆ ತೂರಿ
ಮಡಿಲ ಮಗುವಿನ ಕೆನ್ನೆ ಮೂಸಿತು, ಬಿಸ್ಕತ್ತು ಹುಡುಕಿ.
ತಾಯಿ ಕಿರುಚಬೇಕಿತ್ತು.
ಫೋನು ಎತ್ತಿ, ‘ನಗು ಪುಟ್ಟಾ, ಇಲ್ಲಿ ನೋಡು’ ಅಂದಳು.

ಇನ್ನೊಬ್ಬ ಇಳಿದೇಬಿಟ್ಟ. ಕೆಂಪು ಚಡ್ಡಿ,
ಬೆನ್ನು ಆನೆಗೆ, ಮುಖ ಫೋನಿಗೆ.
ಹಿಂದೆ ಹಿಂದೆ ನಡೆದ, ನಾಲ್ಕು ಹೆಜ್ಜೆ, ಐದು,
ಆನೆ ಇನ್ನೂ ದೊಡ್ಡದು ಕಾಣಬೇಕಂತೆ.
ಕೂಗಿದೆ. ನನಗೂ ಕೈ ಬೀಸಿದ.
ಆನೆ ಕಿವಿ ಆಡಿಸುವುದನ್ನು ನಿಲ್ಲಿಸಿತು.
ಇಲ್ಲಿ ಹುಟ್ಟಿದ ಕೂಸಿಗೂ ಅದರ ಅರ್ಥ ಗೊತ್ತು.
ಅಷ್ಟರಲ್ಲಿ ಮರಳು ಲಾರಿಯೊಂದು ಹಾರನ್ನು ಒತ್ತಿಕೊಂಡು ಬಂತು,
ಆನೆ ಪಕ್ಕಕ್ಕೆ ಸರಿಯಿತು.
ಅವನಿಗೆ ಚಿತ್ರ ಚೆನ್ನಾಗಿ ಬಂದಿರಬೇಕು.

ಅವರೆಲ್ಲ ಸಂಜೆಗೆ ತಿಸ್ಸದ ಹೋಟೆಲು ಸೇರುತ್ತಾರೆ.
ಕತ್ತಲಾದ ಮೇಲೆ ಈ ದಾರಿ ನಮ್ಮದು.

ಹುಣ್ಣಿಮೆಯಾಗಿ ಮೂರನೆಯ ರಾತ್ರಿ, ನನ್ನ ಗಂಡ ವಿಮಲದಾಸ
ಇಟ್ಟಿಗೆ ಗೂಡಿನ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಬರುತ್ತಿದ್ದ.
ತಿರುವಿನಲ್ಲಿ ಕತ್ತಲೆಗಿಂತ ಕಪ್ಪಗೆ ಏನೋ ನಿಂತಿತ್ತು.
ಇಳಿದ. ಬುತ್ತಿಯ ಡಬ್ಬಿ ತೆರೆದು ತೋರಿಸಿದ,
ಚೀಲ ತಿರುವಿ ಕೊಡವಿದ.
‘ಅಪ್ಪಾ, ಈ ವಾರದ ಕೂಲಿ ಇನ್ನೂ ಬಂದಿಲ್ಲ,
ಮಗಳಿಗೆ ಜ್ವರ’ ಎಂದೆಲ್ಲ ಹೇಳಿದನಂತೆ.
ಸುಂಕದವನ ಮುಂದೆ ಸುಖದುಃಖ.
ಸೈಕಲ್ಲು ಚಕ್ಕುಲಿಯಾಯಿತು. ಇವನ ಸೊಂಟ ಮುರಿಯಿತು.
ಮೊನರಾಗಲದ ಆಸ್ಪತ್ರೆಯಲ್ಲಿ, ಗೋಡೆ ನೋಡುತ್ತ ಹೇಳಿದ:
‘ಸಿಟ್ಟಿರಲಿಲ್ಲ ಕಣೇ ಅದಕ್ಕೆ.
ಮೊದಲು ಸೊಂಡಿಲು ಚಾಚಿ
ನನ್ನ ಅಂಗೈ ಮುಟ್ಟಿ ನೋಡಿತು, ಎರಡೂ ಅಂಗೈ,
ನಿಧಾನವಾಗಿ, ಮತ್ತೊಂದು ಸಲ.
ಕೊಡುವುದು ಮರೆತಿದ್ದೇನೋ ಅಂತ.’

ಇಲಾಖೆಯವರು ಮೂರು ಭಾಷೆಯಲ್ಲಿ ಫಲಕ ನೆಟ್ಟರು.
ಜನ ಅದರ ನೆರಳಿನಲ್ಲಿ ನಿಂತು ಹಣ್ಣು ಎಸೆಯುತ್ತಾರೆ.
ನಾನು ಅಂಗಡಿ ಮುಚ್ಚಲಿಲ್ಲ. ಮುಚ್ಚಿ ಏನು ತಿನ್ನಲಿ?
ಕತ್ತಿ ಹಿಡಿದು ಕೂರುತ್ತೇನೆ, ಅಷ್ಟೆ.
ಕಲ್ಲಂಗಡಿ ತೂಗಿದ್ದೇ ತಡ, ಅವರು ಬಾಯಿ ತೆರೆಯುವ ಮೊದಲೇ
ಹೋಳು ಹೋಳು, ಮೇಲೆ ಉಪ್ಪು, ಮೆಣಸಿನ ಪುಡಿ.
‘ತಗೊಳ್ಳಿ, ಇಲ್ಲೇ ಕೂತು ತಿನ್ನಿ.’
‘ಅಯ್ಯೋ ಅಕ್ಕಾ, ಇಡೀದು ಬೇಕಿತ್ತು, ಆನೆಗೆ!’
‘ಅವನಿಗೆ ಸಕ್ಕರೆ ಕಾಯಿಲೆ’ ಅನ್ನುತ್ತೇನೆ.
ಕೆಲವರು ನಗುತ್ತಾರೆ, ತಿನ್ನುತ್ತಾರೆ, ಮೊಣಕೈವರೆಗೆ ರಸ.
ಉಳಿದವರು ನೂರು ಗಜ ಮುಂದೆ, ಸೀಲಾವತಿಯ ಹಲಗೆಗೆ.
ಅವಳು ಇಡಿಯಾಗಿಯೇ ಕೊಡುತ್ತಾಳೆ.
ಜಗಳವಾಡಿ ನೋಡಿದೆ, ಮಾತು ಬಿಟ್ಟು ನೋಡಿದೆ.

ಅವಳ ಮಗ ಗಾರೆ ಕೆಲಸ ಮುಗಿಸಿ
ಇದೇ ದಾರಿಯಲ್ಲಿ ಬರುತ್ತಾನೆ, ಕತ್ತಲಾದ ಮೇಲೆ.
ಅವನ ಸೈಕಲ್ಲಿನ ಗಂಟೆ ಕೇಳುವ ತನಕ
ಅವಳೂ ಹಲಗೆ ಎತ್ತುವುದಿಲ್ಲ,
ನಾನೂ.